ಕೆಂಡ ಒಳಗೂ ಕೆಂಪಾಗಲಿ, ಕಿಟಕಿ ತೆರೆದಿರಲಿ

ಈ ಸಲ ಬಂದ ಪತ್ರಗಳಲ್ಲಿ ಇದ್ದಿಲಿನ ಪ್ರಶ್ನೆಗಳೇ ಜಾಸ್ತಿ. ಕೊಲ್ಲಿ ದೇಶಗಳಲ್ಲಿರುವ ನಮ್ಮವರು ಹುಕ್ಕಾ ಇದ್ದಿಲು ಹಚ್ಚುವ ಬಗೆ ಕೇಳಿದ್ದಾರೆ. ತಿಪಟೂರಿನವರು ಚಿಪ್ಪು ಸುಡುವುದನ್ನು ಕೇಳಿದ್ದಾರೆ. ಬೀದರ್‌ನಿಂದ ಒಂದು ಹಳೆಯ ಪಾತ್ರೆಯ ವಿಚಾರ ಬಂದಿದೆ. ಹಾಗಾಗಿ ಇಡೀ ಅಂಕಣ ಇದ್ದಿಲಿಗೇ ಬಿಟ್ಟುಕೊಟ್ಟಿದ್ದೇನೆ. ಹುಕ್ಕಾ ಸೇದಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕಾನೂನು ಅಡ್ಡಿ ಮಾಡದ ಊರಿನಲ್ಲಿ, ದೊಡ್ಡವರು, ತಿಳಿದೂ ಸೇದುತ್ತೇವೆ ಅನ್ನುವವರು ಮನೆಯೊಳಗೆ ಕೆಂಡ ತರುತ್ತಾರಲ್ಲ, ಅದನ್ನು ಹೇಗೆ ತರಬೇಕು ಅನ್ನುವುದು ಅವರಿಗೂ ಅದೇ ಮನೆಯಲ್ಲಿ ಮಲಗುವ ಬೇರೆಯವರಿಗೂ ಗೊತ್ತಿರಲೇಬೇಕು.

ಪ್ರಶ್ನೆ: ದುಬೈನ ದೇರಾದಲ್ಲಿ ನಾವು ನಾಲ್ಕು ಜನ ಒಂದೇ ಫ್ಲ್ಯಾಟಿನಲ್ಲಿದ್ದೇವೆ. ಶನಿವಾರ ರಾತ್ರಿ ಶೀಶಾ, ಅಂದರೆ ಹುಕ್ಕಾ, ಇರುತ್ತದೆ. ಮೊದಲು ಲೈಟರ್ ಹಿಡಿದರೆ ಹತ್ತುವ ಗುಂಡು ಬಿಲ್ಲೆ ತರುತ್ತಿದ್ದೆವು. ಈಗ ಯಾರೋ ಹೇಳಿದರು ಅಂತ ತೆಂಗಿನ ಚಿಪ್ಪಿನ ಕ್ಯೂಬ್ ತಂದಿದ್ದೇವೆ. ಗ್ಯಾಸ್ ಮೇಲೆ ಐದು ನಿಮಿಷ ಇಟ್ಟರೆ ಹೊರಗೆಲ್ಲ ಕೆಂಪಗಾಗುತ್ತೆ, ಮೇಲಕ್ಕೆ ಇಟ್ಟ ಸ್ವಲ್ಪ ಹೊತ್ತಿಗೆ ಆರಿಹೋಗುತ್ತೆ. ಜೊತೆಗೆ ಸುಟ್ಟ ವಾಸನೆ, ಗಂಟಲು ಉರಿ, ತಲೆನೋವು. ಇದ್ದಿಲು ಕೆಟ್ಟದ್ದಾ, ನಾವು ಹಚ್ಚುವುದು ತಪ್ಪಾ?

ಉತ್ತರ: ಇದ್ದಿಲು ಸರಿಯಾಗಿಯೇ ಇರಬೇಕು. ಸಮಯ ಸಾಲುತ್ತಿಲ್ಲ ಅಷ್ಟೇ. ನೀವು ಐದು ನಿಮಿಷಕ್ಕೆ ಎತ್ತುತ್ತಿದ್ದೀರಿ, ಅದಕ್ಕೆ ಬೇಕಾಗಿರುವುದು ಹತ್ತರಿಂದ ಹನ್ನೆರಡು ನಿಮಿಷ.

ಆ ಕ್ಯೂಬ್ ಹೇಗೆ ಆಗುತ್ತೆ ಅಂತ ತಿಳಿದರೆ ಕಾರಣ ಗೊತ್ತಾಗುತ್ತೆ. ತೆಂಗಿನ ಚಿಪ್ಪನ್ನು ಗಾಳಿ ಕಡಿಮೆ ಮಾಡಿ ಸುಟ್ಟು ಇದ್ದಿಲು ಮಾಡುತ್ತಾರೆ. ಅದನ್ನು ಹಿಟ್ಟಿನಂತೆ ಪುಡಿ ಮಾಡಿ, ಮರಗೆಣಸಿನ ಗಂಜಿ ಸೇರಿಸಿ, ಯಂತ್ರದಲ್ಲಿ ಒತ್ತಿ, ಕತ್ತರಿಸಿ, ಒಣಗಿಸುತ್ತಾರೆ. ಇಂಡೋನೇಷ್ಯಾದ ಕಾರ್ಖಾನೆಗಳಿಂದ ಜಗತ್ತಿಗೆಲ್ಲ ಹೋಗುವುದು ಇದೇ ಸರಕು. 25 ಮಿಲಿಮೀಟರಿನ ಕ್ಯೂಬ್ ಆದರೆ ಒಂದು ಕಿಲೋ ಡಬ್ಬಿಯಲ್ಲಿ ಸುಮಾರು 72 ಇರುತ್ತವೆ, 26ರದ್ದಾದರೆ 64ರ ಹತ್ತಿರ. ಒತ್ತಿ ಮಾಡಿದ್ದರಿಂದ ಒಳಗೆ ಗಾಳಿ ಓಡಾಡಲು ಜಾಗ ಇರುವುದಿಲ್ಲ. ಹೊರಮೈ ಬೇಗ ಕೆಂಪಾಗುತ್ತೆ, ಆದರೆ ಕಾವು ನಡುವಿಗೆ ಹೋಗುವುದು ನಿಧಾನ. ನೀವು ಎತ್ತಿ ಮೇಲಿಟ್ಟಾಗ ನಡುಭಾಗ ಇನ್ನೂ ಕಪ್ಪಗೇ ಇರುತ್ತೆ. ಹೊರಗಿನ ಕಾವನ್ನು ಒಂದು ಕಡೆ ಆ ತಣ್ಣನೆಯ ನಡುಭಾಗ ಎಳೆದುಕೊಳ್ಳುತ್ತೆ, ಇನ್ನೊಂದು ಕಡೆ ಕೆಳಗೆ ತಂಬಾಕಿನ ಬಟ್ಟಲಿಗೆ ಮುಚ್ಚಿದ ಫಾಯಿಲ್ ಎಳೆದುಕೊಳ್ಳುತ್ತೆ. ಆರದೆ ಇನ್ನೇನಾಗಬೇಕು? ಅದೇ ಹೊತ್ತಿಗೆ ಒಳಗೆ ಉಳಿದಿದ್ದ ತೇವ, ಗಂಜಿ, ಪೂರ್ತಿ ಸುಡದ ಚಿಪ್ಪಿನ ಟಾರು ಎಲ್ಲ ಹೊಗೆಯಾಗಿ ಬರುತ್ತೆ. ಒಲೆಯ ಮೇಲೆ ಹೋಗಬೇಕಾಗಿದ್ದ ಈ ಹೊಗೆ ನಿಮ್ಮ ಗಂಟಲಿಗೆ ಹೋಗುತ್ತಿದೆ. ವಾಸನೆ, ಉರಿ ಅದರದ್ದು. ತಲೆನೋವಿನ ವಿಚಾರ ಬೇರೆ, ಅದಕ್ಕೆ ಕೆಳಗೆ ಬರುತ್ತೇನೆ.

ಹಚ್ಚಲು ಎಲ್ಲಕ್ಕಿಂತ ಒಳ್ಳೆಯದು ಸುರುಳಿ ತಂತಿ ಮೇಲೆಯೇ ಕಾಣುವ ಕರೆಂಟು ಒಲೆ. ಅಲ್ಲಿನ ಅಂಗಡಿಗಳಲ್ಲಿ ಇದ್ದಿಲು ಹಚ್ಚಲೆಂದೇ ಸಣ್ಣದು ಸಿಗುತ್ತೆ. ಅದನ್ನು ಕಲ್ಲಿನ ಅಥವಾ ಟೈಲ್ಸಿನ ಕಟ್ಟೆಯ ಮೇಲಿಡಿ. ಮರದ ಮೇಜು, ಕಾರ್ಪೆಟ್ಟು ಬೇಡ. ಸುರುಳಿ ಚೆನ್ನಾಗಿ ಕೆಂಪಾದ ಮೇಲೆ ಕ್ಯೂಬ್‌ಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ. ಮೊದಲ ಎರಡು ಮೂರು ನಿಮಿಷ ತೆಳುವಾಗಿ ಹೊಗೆ ಬರುತ್ತೆ, ಚಟಚಟ ಸದ್ದೂ ಬರಬಹುದು, ತೇವ ಹೋಗುತ್ತಿದೆ ಅಂತ ಅರ್ಥ. ಐದು ನಿಮಿಷಕ್ಕೆ ಕೆಳಮುಖ ಕೆಂಪಾಗಿರುತ್ತೆ. ಇಕ್ಕಳದಲ್ಲಿ ಹಿಡಿದು ಮಗುಚಿ. ಇನ್ನೊಂದು ನಾಲ್ಕೈದು ನಿಮಿಷ. ಆಮೇಲೆ ಪಕ್ಕದ ಮುಖಗಳ ಮೇಲೆ ಒಂದೊಂದು ನಿಮಿಷ ನಿಲ್ಲಿಸಿ, ಯಾಕೆಂದರೆ ಅಂಚು ಮೂಲೆಗಳೇ ಕೊನೆಗೆ ಹತ್ತುವುದು.

ಆಯಿತೋ ಇಲ್ಲವೋ ನೋಡುವುದು ಹೀಗೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಬೇಡಿ, ಆ ಬೆಳಕಿನಲ್ಲಿ ಪೂರ್ತಿ ಹತ್ತಿದ್ದೂ ಅರ್ಧ ಹತ್ತಿದ್ದೂ ಎರಡೂ ಬೂದಿ ಬಣ್ಣಕ್ಕೇ ಕಾಣುತ್ತವೆ. ಲೈಟು ಆರಿಸಿ. ಒಂದು ಕ್ಯೂಬನ್ನು ಇಕ್ಕಳದಲ್ಲಿ ಎತ್ತಿ ಸುತ್ತಲೂ ತಿರುಗಿಸಿ. ಆರೂ ಮುಖ ಒಂದೇ ಸಮ ಕೆಂಪಗಿರಬೇಕು, ಮೂಲೆಯಲ್ಲಿ ಕೂಡ ಕಪ್ಪು ಕಲೆ ಇರಬಾರದು. ಮೆಲ್ಲಗೆ ಊದಿದರೆ ಹೊಗೆ ಏಳಬಾರದು, ವಾಸನೆ ಬರಬಾರದು, ಕೆಂಪು ಮಾತ್ರ ಹೊಳೆಯಬೇಕು. ಒಂದು ಮುಖ ಊದಿದಾಗ ಮಂಕಾಗಿಯೇ ಉಳಿದರೆ ಮತ್ತೆ ಒಲೆಗೆ ಹಾಕಿ. ಸುಮ್ನೆ ಅವಸರ ಮಾಡಿ ಪ್ರಯೋಜನವಿಲ್ಲ.

ಗ್ಯಾಸ್ ಒಂದೇ ಇದೆ ಅಂದರೆ ಮಧ್ಯೆ ದಪ್ಪ ತಂತಿಯ ಜಾಲರಿ ಇಟ್ಟು ಹಚ್ಚಬಹುದು. ಆದರೆ ಬೂದಿ, ಚೂರು ಎಲ್ಲ ಬರ್ನರಿನ ತೂತುಗಳಿಗೆ ಬೀಳುತ್ತೆ. ಆಗಾಗ ಬಿಚ್ಚಿ ತೊಳೆಯದಿದ್ದರೆ ಉರಿ ಹಳದಿಗೆ ತಿರುಗುತ್ತೆ, ಅದು ಬೇರೆಯದೇ ತೊಂದರೆ. ಹಚ್ಚಿಟ್ಟು ಹೊರಗೆ ಹೋಗಿ ಮಾತಿಗೆ ಕೂರಬೇಡಿ. ಸೀಮೆಎಣ್ಣೆ, ಪೆಟ್ರೋಲು, ಸ್ಯಾನಿಟೈಸರು ಯಾವುದನ್ನೂ ಹತ್ತಿರ ತರಬೇಡಿ. ಕೆಂಡ ಒಯ್ಯಲು ನಾನ್‌ಸ್ಟಿಕ್ ಬಾಣಲೆ ಬೇಡವೇ ಬೇಡ. ಅದರ ಲೇಪ ಕೆಂಡದ ಕಾವಿಗೆ ಒಡೆದು ವಿಷದ ಹೊಗೆ ಬಿಡುತ್ತೆ. ಹಿಡಿ ಇರುವ ಕಬ್ಬಿಣದ ಅಥವಾ ಸ್ಟೀಲಿನ ಪಾತ್ರೆ ಸಾಕು.

ಇನ್ನು ಗುಂಡು ಬಿಲ್ಲೆ. ಲೈಟರ್ ತೋರಿಸಿದ ಕೂಡಲೇ ಅದು ಸುರುಸುರು ಕಿಡಿ ಹಾರಿಸಿ ಹತ್ತುವುದು ಅದರಲ್ಲಿ ಬೆರೆಸಿದ ಪೊಟ್ಯಾಸಿಯಂ ನೈಟ್ರೇಟಿನಂಥ ಉಪ್ಪಿನಿಂದ. ನಮ್ಮೂರಲ್ಲಿ ಪೆಟ್ಲುಪ್ಪು ಅನ್ನುತ್ತಾರಲ್ಲ, ಪಟಾಕಿ ಮದ್ದಿಗೆ ಹಾಕುವುದು, ಅದೇ. ಬೇಗ ಹತ್ತುತ್ತೆ, ಬೇಗ ಮುಗಿಯುತ್ತೆ, ವಾಸನೆ ಉಳಿಯುತ್ತೆ, ಕಿಡಿ ಕಾರ್ಪೆಟ್ಟಿಗೆ ಬೀಳುತ್ತೆ. ಚಿಪ್ಪಿನ ಕ್ಯೂಬ್ ಸರಿಯಾಗಿ ಹತ್ತಿದರೆ ಒಂದು ಗಂಟೆಗೂ ಮೀರಿ ಸಮನಾಗಿ ಕಾವು ಕೊಡುತ್ತೆ. ನನ್ನನ್ನು ಕೇಳಿದರೆ ಬಿಲ್ಲೆಯ ಕಡೆ ತಿರುಗಿಯೂ ನೋಡುವುದು ಬೇಡ.

ಇನ್ನೊಂದು ಮಾತು, ಡಬ್ಬಿಯ ಬಾಯಿ ತೆರೆದು ಇಡಬೇಡಿ. ಅಲ್ಲಿನ ಬೇಸಿಗೆಯ ಸೆಕೆಯಲ್ಲಿ ಇದ್ದಿಲು ತೇವ ಹೀರುತ್ತೆ, ಆಮೇಲೆ ಹತ್ತಲು ಇನ್ನೂ ಹೊತ್ತು ಹಿಡಿಯುತ್ತೆ, ಸಿಡಿಯುವುದೂ ಉಂಟು. ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿಡಿ.

ಮೇಲಿಡುವಾಗ ಕೆಂಡವನ್ನು ಫಾಯಿಲಿನ ನಡುವೆ ಗುಡ್ಡೆ ಹಾಕದೆ ಅಂಚಿನ ಕಡೆಗಿಡುತ್ತಾರೆ, ಒಂದೇ ಕಡೆ ಸೀಯದಿರಲಿ ಅಂತ ಆಗಾಗ ಜಾಗ ಬದಲಿಸಿ ಬೂದಿ ಕೊಡವುತ್ತಾರೆ. ಸೀದ ವಾಸನೆ ಬಂತು ಅಂದರೆ ಒಳಗಿನ ತಂಬಾಕು ಬೇಯುವುದು ಬಿಟ್ಟು ಉರಿಯಲು ಶುರುವಾಗಿದೆ ಅಂತ, ಕೂಡಲೇ ಕೆಂಡ ಇಳಿಸಿ.

ಈಗ ತಲೆನೋವು. ಪೂರ್ತಿ ಹತ್ತಿದ ಕೆಂಡದಲ್ಲಿ ವಾಸನೆ ಇರುವುದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಿಪ್ಪಿನದ್ದಾಗಲಿ, ಬಿಲ್ಲೆಯಾಗಲಿ, ಈಜಿಪ್ಟಿನ ಕಿತ್ತಳೆ ಮರದ ಇದ್ದಿಲಾಗಲಿ, ಯಾವುದೂ ಅದನ್ನು ಬಿಡದೆ ಉರಿಯುವುದಿಲ್ಲ. ಡಬ್ಬಿಯ ಮೇಲೆ ನೈಸರ್ಗಿಕ ಅಂತ ಬರೆದಿದ್ದರೆ ಪೆಟ್ಲುಪ್ಪು ಹಾಕಿಲ್ಲ ಅಂತ ಮಾತ್ರ ತಿಳಿಯಿರಿ. ಹುಕ್ಕಾ ತಳದ ನೀರು ಎಲ್ಲ ಸೋಸುತ್ತೆ ಅನ್ನುವ ಮಾತನ್ನೂ ನಂಬಬೇಡಿ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತೆ, ಈ ಅನಿಲ ಗುಳುಗುಳು ಅಂತ ಅದನ್ನು ದಾಟಿ ನೇರ ಬರುತ್ತೆ. ಒಂದು ಸಲ ಹುಕ್ಕಾಕ್ಕೆ ಕೂತವರು ನೂರಕ್ಕೂ ಮೀರಿದ ಸಿಗರೇಟು ಸೇದಿದಷ್ಟು ಹೊಗೆ ಒಳಗೆ ಎಳೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಆದ್ದರಿಂದ ಇದ್ದಿಲು ಸರಿಯಾಗಿ ಹಚ್ಚುವುದು ಒಂದು ಕೆಲಸ, ಗಾಳಿ ಬಿಡುವುದು ಇನ್ನೊಂದು ಕೆಲಸ. ಮೊದಲನೆಯದು ಮಾಡಿದೆವು ಅಂತ ಎರಡನೆಯದನ್ನು ಬಿಡಬೇಡಿ. ಹಚ್ಚುವ ಹೊತ್ತಿಗೇ ಕಿಟಕಿ ತೆರೆಯಿರಿ, ಎದುರುಬದುರು ಎರಡು ಕಡೆ ತೆರೆದರೆ ಇನ್ನೂ ಒಳ್ಳೆಯದು. ತಲೆ ಭಾರವಾದರೆ ಅಲ್ಲಿಗೇ ನಿಲ್ಲಿಸಿ, ಹೊರಗೆ ಹೋಗಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಇಂಡಕ್ಷನ್ ಒಲೆ ಮಾತ್ರ ಇದೆ. ಅದರ ಮೇಲೆ ಇದ್ದಿಲು ಹಚ್ಚಬಹುದಾ? (ಮಸ್ಕತ್‌ನಿಂದ)

ಉತ್ತರ: ಆಗುವುದಿಲ್ಲ. ಇಂಡಕ್ಷನ್ ಕಾಯಿಸುವುದು ಕಬ್ಬಿಣದಂಥ ಲೋಹವನ್ನು, ಇದ್ದಿಲನ್ನಲ್ಲ. ಮೇಲೆ ಕಬ್ಬಿಣದ ತವಾ ಇಟ್ಟು ಅದರ ಮೇಲೆ ಇಡುತ್ತೇನೆ ಅಂದರೆ, ಇದ್ದಿಲು ಹತ್ತುವಷ್ಟು ಕಾವು ಬರುವ ಮೊದಲೇ ಹೆಚ್ಚಿನ ಒಲೆಗಳು ತಾವಾಗಿ ನಿಂತುಬಿಡುತ್ತವೆ, ನಿಲ್ಲದಿದ್ದರೆ ಗಾಜು ಸೀಳಬಹುದು. ಗಾಜಿನ ಮೇಲೆ ನೇರವಾಗಿ ಕೆಂಡ ಇಡುವುದಂತೂ ಬೇಡ.

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರ ತೋಟ. ಕೊಬ್ಬರಿ ಒಡೆದ ಮೇಲೆ ಚಿಪ್ಪು ರಾಶಿ ಬೀಳುತ್ತೆ, ವ್ಯಾಪಾರಿಗಳು ಬಂದು ತಗೊಂಡು ಹೋಗ್ತಾರೆ. ನಾವೇ ಇದ್ದಿಲು ಮಾಡಿದರೆ ಹೆಚ್ಚು ಸಿಗಬಹುದಾ? ಹುಕ್ಕಾ ಕ್ಯೂಬ್ ಮಾಡಿ ಹೊರದೇಶಕ್ಕೆ ಕಳಿಸ್ತಾರಂತಲ್ಲ?

ಉತ್ತರ: ಈ ಪ್ರಶ್ನೆ ಓದಿ ನನಗೆ ಬಹಳ ಖುಷಿಯಾಯಿತು. ನಿಮ್ಮ ಕೈಯಲ್ಲಿರುವ ಚಿಪ್ಪಿನಂಥ ಚಿಪ್ಪು ಎಲ್ಲ ಕಡೆ ಸಿಗುವುದಿಲ್ಲ. ಉಂಡೆ ಕೊಬ್ಬರಿಗೆ ಕಾಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಇಡುತ್ತೀರಿ. ಅಷ್ಟರಲ್ಲಿ ಒಳಗಿನ ನೀರು ಇಂಗಿ, ಕೊಬ್ಬರಿ ಬಿಟ್ಟುಕೊಂಡು, ಚಿಪ್ಪು ಪೂರ್ತಿ ಒಣಗಿರುತ್ತೆ. ಇದ್ದಿಲಿಗೆ ಬೇಕಾಗಿರುವುದು ಇದೇ, ಬಲಿತ, ಒಣಗಿದ, ನಾರಿಲ್ಲದ ಚಿಪ್ಪು. ಎಳನೀರಿನ ಬುರುಡೆ, ಹಸಿ ಕಾಯಿಯ ಚಿಪ್ಪು ಸುಟ್ಟರೆ ಹೊಗೆ ಜಾಸ್ತಿ, ಇದ್ದಿಲು ಕಡಿಮೆ.

ಮೊದಲು ಲೆಕ್ಕ. 1000 ಇಡೀ ಚಿಪ್ಪಿಗೆ ಸಿಗುವುದು ಸುಮಾರು 35 ಕಿಲೋ ಇದ್ದಿಲು. ಒಂದು ಟನ್ ಆಗಬೇಕಾದರೆ 30,000ದಷ್ಟು ಚಿಪ್ಪು ಬೇಕು. ನಿಮ್ಮ ತೋಟದಲ್ಲಿ ವರ್ಷಕ್ಕೆ ಎಷ್ಟು ಕಾಯಿ ಒಡೆಯುತ್ತೀರಿ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ಈಗ ಚಿಪ್ಪಿಗೆ ಸಿಗುವ ದುಡ್ಡು ಒಂದು ಕಡೆ, ಇದ್ದಿಲಿನ ದರ, ಕೂಲಿ, ಡ್ರಮ್ಮಿನ ಖರ್ಚು ಇನ್ನೊಂದು ಕಡೆ ಬರೆಯಿರಿ. ಒಬ್ಬರದ್ದೇ ಚಿಪ್ಪಿನಿಂದ ಗಿಟ್ಟುವುದು ಕಷ್ಟ, ಅಕ್ಕಪಕ್ಕದ ನಾಲ್ಕು ತೋಟದವರು ಸೇರಿದರೆ ಕೆಲಸ ಅನ್ನಿಸಿಕೊಳ್ಳುತ್ತೆ.

ಮಾಡುವ ಬಗೆ. 200 ಲೀಟರಿನ ಹಳೆಯ ಎಣ್ಣೆ ಡ್ರಮ್ಮು ಸಾಕು, ಒಳಗೆ ರಾಸಾಯನಿಕ ತುಂಬಿದ್ದು ಮಾತ್ರ ಬೇಡ. ಅದರ ಮೈಗೆ ಕೆಳಗೆ, ನಡುವೆ, ಮೇಲೆ ಅಂತ ಮೂರು ಸಾಲು ತೂತು ಹೊಡೆಸಿ. ನಡುವಿನ, ಮೇಲಿನ ಸಾಲನ್ನು ಮೊದಲು ಹಸಿ ಮಣ್ಣಿನಿಂದ ಮುಚ್ಚಿರಿ. ತಳದಲ್ಲಿ ಸ್ವಲ್ಪ ಚಿಪ್ಪು ಹಾಕಿ ಬೆಂಕಿ ಹಚ್ಚಿ, ಅದು ಹಿಡಿದಂತೆ ಮೇಲೆ ಮೇಲೆ ಚಿಪ್ಪು ಹಾಕುತ್ತಾ ಹೋಗಿ. ಕೆಳಗಿನ ತೂತಿನಲ್ಲಿ ಬಗ್ಗಿ ನೋಡಿದರೆ ಕೆಂಡ ಕಾಣುತ್ತೆ. ಆಗ ಆ ಸಾಲು ಮುಚ್ಚಿ ನಡುವಿನದನ್ನು ತೆರೆಯಿರಿ. ಅಲ್ಲೂ ಕೆಂಡ ಕಂಡಾಗ ಅದನ್ನು ಮುಚ್ಚಿ ಮೇಲಿನದನ್ನು ತೆರೆಯಿರಿ. ಹೀಗೆ ಬೆಂಕಿ ಮೇಲೇರುತ್ತೆ, ಕೆಳಗಿನದು ಗಾಳಿ ಸಿಗದೆ ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತೆ. ಹೊಗೆ ನೋಡುತ್ತಿರಬೇಕು. ಮೊದಲು ದಟ್ಟ ಬಿಳಿ, ಅದು ನೀರಿನಂಶ. ನಡುವೆ ಹಳದಿ ಮಿಶ್ರ, ಮೂಗು ಕಣ್ಣು ಉರಿಸುವಂಥದ್ದು. ಕೊನೆಗೆ ತೆಳ್ಳಗೆ, ನೀಲಿ ಛಾಯೆಗೆ ತಿರುಗುತ್ತೆ. ನೀಲಿಗೆ ಬಂದಾಗ ಮುಚ್ಚಳ ಹಾಕಿ ಎಲ್ಲ ತೂತು, ಸಂದು ಹಸಿ ಮಣ್ಣಿನಿಂದ ಮೆತ್ತಿ. ತಡ ಮಾಡಿದಷ್ಟೂ ನಿಮ್ಮ ಇದ್ದಿಲು ಬೂದಿಯಾಗುತ್ತಿರುತ್ತೆ.

ಇಡೀ ರಾತ್ರಿ ಹಾಗೇ ಬಿಡಬೇಕು. ಬೆಳಿಗ್ಗೆ ಡ್ರಮ್ಮಿನ ಮೈ ಮುಟ್ಟಿ ನೋಡಿ, ಬೆಚ್ಚಗಿದ್ದರೂ ತೆರೆಯಬೇಡಿ. ಒಳಗೆ ಎಲ್ಲೋ ಒಂದು ಕಡೆ ಕಾವು ಉಳಿದಿದ್ದರೆ ಗಾಳಿ ತಾಗಿದ ಕೂಡಲೇ ಇಡೀ ಡ್ರಮ್ಮು ಹೊತ್ತಿಕೊಳ್ಳುತ್ತೆ. ತೆರೆದ ಮೇಲೂ ಕೂಡಲೇ ಚೀಲಕ್ಕೆ ತುಂಬಬೇಡಿ. ಹೊಸ ಇದ್ದಿಲು ಗಾಳಿಯಲ್ಲಿನ ಆಮ್ಲಜನಕ ಹೀರುವಾಗ ತಾನಾಗಿಯೇ ಬಿಸಿಯಾಗುತ್ತೆ. ಒಂದು ದಿನ ಕಲ್ಲು ಹಾಸಿನ ಮೇಲೆ ತೆಳುವಾಗಿ ಹರವಿ, ಆಮೇಲೆ ತುಂಬಿ. ಹುಲ್ಲಿನ ಬಣವೆ, ಕೊಟ್ಟಿಗೆ, ಅಟ್ಟದ ಮನೆ ಇವುಗಳ ಹತ್ತಿರ ಈ ಕೆಲಸ ಮಾಡಲೇಬೇಡಿ, ಹೊಗೆ ಅಕ್ಕಪಕ್ಕದ ಮನೆಗೆ ಹೋಗದಂತೆ ಗಾಳಿಯ ದಿಕ್ಕು ನೋಡಿ ಜಾಗ ಹಿಡಿಯಿರಿ.

ಚೆನ್ನಾಗಿ ಬಂದಿದೆಯಾ ಅಂತ ತಿಳಿಯಲು ಒಂದು ತುಂಡನ್ನು ಕಲ್ಲಿನ ಮೇಲೆ ಬಿಡಿ. ಟಣ್ ಅಂತ ಲೋಹದ ಸದ್ದು ಬರಬೇಕು. ಮುರಿದರೆ ಪಟ್ಟನೆ ಮುರಿದು, ಮುರಿದ ಕಡೆ ಕಪ್ಪಗೆ ಹೊಳೆಯಬೇಕು. ಕಂದು ಬಣ್ಣ ಕಂಡರೆ ಒಳಗೆ ಸುಟ್ಟಿಲ್ಲ, ಅದು ಹುಕ್ಕಾಕ್ಕೂ ಬೇಡ ಒಲೆಗೂ ಬೇಡ, ಹೊಗೆಯೇ ಹೊಗೆ. ಬೆರಳಿಗೆ ಹಿಟ್ಟಿನಂತೆ ಉದುರಿದರೆ ಜಾಸ್ತಿ ಸುಟ್ಟಿದೆ.

ಕ್ಯೂಬ್ ವಿಚಾರಕ್ಕೆ ಬಂದರೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಪುಡಿ ಯಂತ್ರ, ಒತ್ತುವ ಯಂತ್ರ, ಒಣಗಿಸುವ ಕೋಣೆ ಎಲ್ಲ ಬೇಕು. ಕೈಯಲ್ಲಿ ಗಂಜಿ ಕಲಸಿ ಉಂಡೆ ಕಟ್ಟಿ ಬಿಸಿಲಿಗಿಟ್ಟರೆ ಹೊರಗೆ ಒಣಗಿ ಒಳಗೆ ತೇವ ಉಳಿಯುತ್ತೆ, ಹಚ್ಚಿದಾಗ ಸಿಡಿಯುತ್ತೆ. ಹಾಗಂತ ಚಿಪ್ಪಿನ ಇದ್ದಿಲಿಗೆ ಹುಕ್ಕಾ ಒಂದೇ ದಾರಿ ಅಂದುಕೊಳ್ಳಬೇಡಿ. ನೀರು ಶುದ್ಧ ಮಾಡುವ ಫಿಲ್ಟರಿನೊಳಗಿನ ಕರಿ ಪುಡಿ, ಚಿನ್ನ ತೆಗೆಯುವ ಕಾರ್ಖಾನೆಯಲ್ಲಿ ಬಳಸುವ ಕಾರ್ಬನ್, ಇವಕ್ಕೆಲ್ಲ ತೆಂಗಿನ ಚಿಪ್ಪಿನ ಇದ್ದಿಲು ಅಂದರೆ ಬಹಳ ಬೇಡಿಕೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಕ್ಕೆ ತುಂಬಿದ್ದೂ ಇದೇ ಬಗೆಯ ಇದ್ದಿಲು. ತಮಿಳುನಾಡಿನ ಕಾಂಗೇಯಂ ಕಡೆ ಇದೇ ಒಂದು ಉದ್ಯಮವಾಗಿ ಬೆಳೆದಿದೆ. ನಿಮ್ಮಲ್ಲಿ ಅಷ್ಟು ಒಳ್ಳೆಯ ಚಿಪ್ಪು ಇಟ್ಟುಕೊಂಡು ಬರೀ ಚಿಪ್ಪಾಗಿಯೇ ಮಾರುವುದು ನನಗಂತೂ ಹೊಟ್ಟೆ ಉರಿಯುವ ವಿಷಯ. ಹೊರಡುವ ಮುಂಚೆ ತೆಂಗು ಅಭಿವೃದ್ಧಿ ಮಂಡಳಿಯವರನ್ನು ಒಮ್ಮೆ ವಿಚಾರಿಸಿ, ಪಂಚಾಯಿತಿಯಲ್ಲಿ ಹೊಗೆಯ ಬಗ್ಗೆಯೂ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ಮುತ್ತಾತನ ಕಾಲದ ಬಿದರಿ ಹುಕ್ಕಾ ತಳ ಮನೆಯಲ್ಲಿದೆ. ಮೇಲಿನ ನಳಿಕೆ ಇಲ್ಲ. ಹೊಸ ನಳಿಕೆ ಕೂರಿಸಿ ಬಳಸಬಹುದಾ ಅಂತ ಮಗ ಕೇಳುತ್ತಾನೆ. ಕಪ್ಪು ಮಾಸಿದೆ, ಹುಣಸೆಹಣ್ಣು ಹಾಕಿ ತಿಕ್ಕಲಾ? (ಬೀದರ್‌ನಿಂದ)

ಉತ್ತರ: ಎರಡೂ ಬೇಡ ತಾಯಿ. ಹುಣಸೆಹಣ್ಣಂತೂ ಖಂಡಿತ ಬೇಡ.

ಬಿದರಿ ಅಂದರೆ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಹಳೆಯ ಎರಕದಲ್ಲಿ ಸೀಸ ಸೇರಿರುವುದೂ ಉಂಟು. ಮೇಲಿನ ಕಪ್ಪು ಬಣ್ಣ ಬಳಿದದ್ದಲ್ಲ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಹುಳಿ ತಾಗಿದರೆ ಆ ಕಪ್ಪು ಎದ್ದುಹೋಗಿ ಸತು ಬೂದಿ ಬಣ್ಣಕ್ಕೆ ಹೊರಬರುತ್ತೆ. ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಕಪ್ಪು ತುಂಬಿಕೊಳ್ಳುತ್ತೆ.

ಬಳಸುವುದು ಬೇಡ ಎಂದಿದ್ದಕ್ಕೂ ಕಾರಣವಿದೆ. ನೀರು ನಿಂತರೆ ಒಳಗಿನ ಸತು ತುಕ್ಕು ಹಿಡಿದು ಬಿಳಿ ಪುಡಿ ಏಳುತ್ತೆ. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುವ ಲೋಹ, ಕೆಂಪಾದ ಕೆಂಡದ ಕಾವು ಅದಕ್ಕಿಂತ ಹೆಚ್ಚು. ಮೇಲಿಂದ ಒಂದು ಕೆಂಡ ಜಾರಿ ಅದರ ಭುಜಕ್ಕೆ ಬಿದ್ದು ಕೂತರೆ ಆ ಕುಸುರಿ ಹೋಯಿತು ಅಂತಲೇ ತಿಳಿಯಿರಿ. ಅದಲ್ಲದೆ ನಮ್ಮ ರಾಜ್ಯದಲ್ಲಿ ಈಗ ಕಾನೂನೂ ಬಿಡುವುದಿಲ್ಲ, ಮುಂದಿನ ಉತ್ತರ ನೋಡಿ.

ಒಂದು ಕೇಳಬೇಕಿತ್ತು, ನಿಮ್ಮದು ಚೆಂಡಿನಂತೆ ದುಂಡಗಿದ್ದು ಉಂಗುರದ ಮೇಲೆ ಕೂರಿಸುವಂಥದ್ದಾ, ಗಂಟೆಯಂತೆ ಅಗಲ ತಳ ಇರುವಂಥದ್ದಾ? ದುಂಡನೆಯದು ಹಳೆಯ ಶೈಲಿ, ಗಂಟೆಯ ಆಕಾರ ಆಮೇಲೆ ಬಂದದ್ದು. ಇಂಥ ತಳಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗಿವೆ. ನಿಮ್ಮ ಮನೆಯಲ್ಲೇ ಒಂದಿದೆ. ಊರಿನಲ್ಲಿ ಬಿದರಿ ಕೆಲಸದ ಮನೆಗಳು ಇನ್ನೂ ಇವೆಯಲ್ಲ, ಅವರಲ್ಲಿ ಹಿರಿಯರೊಬ್ಬರಿಗೆ ತೋರಿಸಿ, ಬೆಳ್ಳಿ ಎಲ್ಲಾದರೂ ಎದ್ದಿದ್ದರೆ ಅವರೇ ಕೂರಿಸಿಕೊಡುತ್ತಾರೆ.

ಪ್ರಶ್ನೆ: ದುಬೈನಿಂದ ಮುಂದಿನ ತಿಂಗಳು ಮಂಗಳೂರಿಗೆ ಬರುತ್ತಿದ್ದೇನೆ. ಒಂದು ಹುಕ್ಕಾ ಸೆಟ್ಟು, ಒಂದು ಡಬ್ಬಿ ಇದ್ದಿಲು ತಾ ಅಂತ ತಮ್ಮ ಹೇಳಿದ್ದಾನೆ. ತಂಬಾಕಿಲ್ಲದ ಹರ್ಬಲ್ ಆದರೆ ಏನೂ ತೊಂದರೆ ಇಲ್ಲ ಅಂತಾನೆ. ಹೌದಾ?

ಉತ್ತರ: ಅಲ್ಲ. ತರಬೇಡಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕಾ ಮಾರಾಟ, ಸೇವನೆ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ನಿಕೋಟಿನ್ ಇಲ್ಲದ್ದೂ ಆ ಆದೇಶದಲ್ಲಿ ಸೇರಿದೆ, ಹಾಗಾಗಿ ಹರ್ಬಲ್ ಅನ್ನುವ ಮಾತು ನಡೆಯುವುದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ತಿದ್ದುಪಡಿ ಕಾಯ್ದೆಯಲ್ಲಿ ಹುಕ್ಕಾ ಬಾರ್ ನಡೆಸಿದವರಿಗೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಹರ್ಬಲ್ ಆದರೂ ಮೇಲಿಡುವುದು ಅದೇ ಇದ್ದಿಲು, ಬರುವುದೂ ಅದೇ ಕಾರ್ಬನ್ ಮಾನಾಕ್ಸೈಡ್. ಇದನ್ನು ನಿಮ್ಮ ತಮ್ಮನಿಗೆ ಸ್ವಲ್ಪ ಬಿಡಿಸಿ ಹೇಳಿ.

ವಿಮಾನದ ಮಾತು ಬೇರೆಯೇ ಇದೆ. ಅಪಾಯಕಾರಿ ಸರಕಿನ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದ್ದಿಲಿಗೆ ಯುಎನ್ 1361 ಎಂಬ ಸಂಖ್ಯೆ ಇದೆ, ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ. ತಿಪಟೂರಿನವರಿಗೆ ಒಂದು ದಿನ ಹರವಿಡಿ ಎಂದು ಹೇಳಿದ್ದು ಇದೇ ಕಾರಣಕ್ಕೆ. ಬ್ಯಾಗಿನಲ್ಲಿಟ್ಟು ಚೆಕ್-ಇನ್ ಮಾಡುವ ವಸ್ತು ಅದಲ್ಲ. ತಮ್ಮನಿಗೆ ಖರ್ಜೂರ ತನ್ನಿ.

ಪ್ರಶ್ನೆ: ಕುವೈತ್‌ನಲ್ಲಿದ್ದೇವೆ. ಚಳಿಗಾಲದಲ್ಲಿ ಯಜಮಾನರು ಮತ್ತು ಅವರ ಸ್ನೇಹಿತರು ಹಾಲ್‌ನಲ್ಲಿ ಕಿಟಕಿ ಹಾಕಿಕೊಂಡು ಶೀಶಾ ಹಾಕುತ್ತಾರೆ. ನಾನು ಸೇದುವುದಿಲ್ಲ, ಒಳಗಿನ ರೂಮಿನಲ್ಲಿ ಮಗು ಜೊತೆ ಇರುತ್ತೇನೆ. ಆದರೂ ತಲೆನೋವು, ವಾಕರಿಕೆ. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ನೋಡಿದರೆ 98 ಇದೆ, ನಿನಗೆ ಸುಮ್ನೆ ಭಯ ಅಂತಾರೆ. ಎಸಿ ಆನ್ ಇರುತ್ತೆ, ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ ತಂಗಿ. ನಿಮ್ಮ ಭಯ ಸರಿಯಾಗಿದೆ. ಈ ಉತ್ತರವನ್ನು ಯಜಮಾನರ ಕೈಗೇ ಕೊಟ್ಟು ಓದಿಸಿ.

ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಒಮ್ಮೆ ಕೂತರೆ ಆಮ್ಲಜನಕಕ್ಕೆ ಜಾಗ ಇರುವುದಿಲ್ಲ. ಬೆರಳಿನ ಆಕ್ಸಿಮೀಟರು ರಕ್ತದ ಬಣ್ಣ ನೋಡಿ ಲೆಕ್ಕ ಹಾಕುವ ಯಂತ್ರ. ಆಮ್ಲಜನಕ ಕೂತ ಹಿಮೋಗ್ಲೋಬಿನ್ನಿಗೂ ಈ ಅನಿಲ ಕೂತ ಹಿಮೋಗ್ಲೋಬಿನ್ನಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ದೇಹಕ್ಕೆ ಆಮ್ಲಜನಕ ಸಾಲದೆ ಇರುವಾಗಲೂ 98 ಅಂತಲೇ ತೋರಿಸಬಹುದು. ಆ ಅಂಕಿ ನೋಡಿ ಯಾರೂ ಧೈರ್ಯ ತಂದುಕೊಳ್ಳಬಾರದು. ಸರಿಯಾಗಿ ತಿಳಿಯಬೇಕಾದರೆ ಆಸ್ಪತ್ರೆಯಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಬೇಕು, ಇದ್ದಿಲು ಉರಿಸಿದ ಮನೆಯಲ್ಲಿದ್ದೆ ಅಂತ ನೀವಾಗಿಯೇ ವೈದ್ಯರಿಗೆ ಹೇಳಬೇಕು. ಹೇಳದಿದ್ದರೆ ಫ್ಲೂ ಅಂದುಕೊಂಡು ಮಾತ್ರೆ ಕೊಟ್ಟು ಕಳಿಸುವ ಸಾಧ್ಯತೆ ಇದೆ, ಎರಡರ ಲಕ್ಷಣವೂ ಒಂದೇ ಥರ.

ಎಸಿ ವಿಚಾರ. ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಅಥವಾ ಬಿಸಿ ಮಾಡಿ, ಒಳಗೇ ಬಿಡುತ್ತೆ. ಹೊಗೆ ಚದುರಿದ್ದರಿಂದ ಗಾಳಿ ಶುದ್ಧವಾಯಿತು ಅನ್ನಿಸುತ್ತೆ, ಅನಿಲ ಮಾತ್ರ ಅಲ್ಲೇ ಸುತ್ತುತ್ತಿರುತ್ತೆ, ಬಾಗಿಲ ಸಂದಿಯಲ್ಲಿ ನಿಮ್ಮ ರೂಮಿಗೂ ಬರುತ್ತೆ. ಮಗುವಿನ ಉಸಿರಾಟ ದೊಡ್ಡವರಿಗಿಂತ ವೇಗ, ಅದಕ್ಕೆ ಬೇಗ ತಾಗುತ್ತೆ. ಬಸುರಿಯರಿಗೆ, ಹೃದಯದ ತೊಂದರೆ ಇರುವವರಿಗೂ ಹಾಗೇ.

ಶೀಶಾ ಬೇಕೇ ಬೇಕು ಅನ್ನುವವರು ಕಟ್ಟಡದವರು ಬಿಡುವ ಕಡೆ, ಬಯಲಿನಲ್ಲಿ ಕೂರಲಿ. ಮನೆಯಲ್ಲಿ ಬೇಡ. ಅದೊಂದು ಮಾತು ನೀವು ಗಟ್ಟಿಯಾಗಿ ಹೇಳಬಹುದು, ಹೇಳಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂತಲೇ ಅಂಗಡಿಯಲ್ಲಿ ಸಿಗುತ್ತೆ, ಹೊಗೆಯ ಅಲಾರಂ ಬೇರೆ, ಇದು ಬೇರೆ. ಒಂದು ತಂದು ಮಗು ಮಲಗುವ ಕೋಣೆಯಲ್ಲಿ ಹಾಕಿ.

ಇನ್ನೊಂದು ಮುಖ್ಯ. ಅಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮರಳುಗಾಡಿನಲ್ಲಿ ಡೇರೆ ಹಾಕುವ ಕಾಲ. ರಾತ್ರಿ ಚಳಿ ಅಂತ ಮಿಕ್ಕ ಕೆಂಡವನ್ನು ಡೇರೆಯೊಳಗಿಟ್ಟು ಜಿಪ್ ಎಳೆದು ಮಲಗಿದವರು ಬೆಳಿಗ್ಗೆ ಏಳದೇ ಹೋದ ಸಂಗತಿಗಳಿವೆ. ನಮ್ಮ ಕಡೆಯೂ ಚಳಿಗಾಲದಲ್ಲಿ ಶೆಡ್ಡಿನ ಬಾಗಿಲು ಹಾಕಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿ ಸತ್ತವರಿದ್ದಾರೆ. ಬೂದಿ ಮುಚ್ಚಿದ ಕೆಂಡದಲ್ಲೂ ಅನಿಲ ಬರುತ್ತಲೇ ಇರುತ್ತೆ, ನಿದ್ದೆಯಲ್ಲಿ ತಲೆನೋವು ಎಬ್ಬಿಸುವುದಿಲ್ಲ.

ಯಾರಾದರೂ ತಲೆ ಸುತ್ತಿ ಬಿದ್ದರೆ, ತೊದಲಿದರೆ, ಮಂಪರಾದರೆ ಮೊದಲು ಹೊರಗೆ ಎಳೆದು ತನ್ನಿ, ಕುವೈತ್‌ನಲ್ಲಿ 112ಕ್ಕೆ ಕರೆ ಮಾಡಿ. ಊರಿನಲ್ಲಾದರೆ 108. ನೀರು ಕುಡಿಸುತ್ತಾ, ಮಜ್ಜಿಗೆ ಕೊಡುತ್ತಾ ಮನೆಯಲ್ಲೇ ಕಾಯಬೇಡಿ. ಸುಮ್ನೆ ಬಯಲ ಗಾಳಿಯಲ್ಲಿ ಕೂತರೆ ರಕ್ತದಲ್ಲಿನ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.

ಪ್ರಶ್ನೆ: ಕೊಲ್ಲಿಯಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಅವನ ಹತ್ತಿರ ಈ ಕ್ಯೂಬ್ ಇದ್ದಿಲಿದೆ. ಸಂಜೆ ಸಾಂಬ್ರಾಣಿ ಧೂಪಕ್ಕೆ ಬಳಸಬಹುದಾ? ಮಿಕ್ಕ ಕೆಂಡ, ಬೂದಿ ಏನು ಮಾಡಲಿ?

ಉತ್ತರ: ಧಾರಾಳವಾಗಿ ಬಳಸಿ ಅಮ್ಮ. ಪೆಟ್ಲುಪ್ಪಿನ ವಾಸನೆ ಇಲ್ಲದ್ದರಿಂದ ಸಾಂಬ್ರಾಣಿ ಪರಿಮಳ ಚೆನ್ನಾಗಿ ಬರುತ್ತೆ. ಒಂದೇ ಕ್ಯೂಬ್ ಸಾಕು, ಅದನ್ನೂ ಮೇಲೆ ಹೇಳಿದಂತೆ ಪೂರ್ತಿ ಕೆಂಪು ಮಾಡಿ. ಧೂಪಾರತಿಯ ತಳಕ್ಕೆ ಒಂದು ಬೆರಳು ದಪ್ಪ ಮರಳು ಅಥವಾ ಹಳೆ ಬೂದಿ ಹಾಕಿ, ಹಿಡಿ ಸುಡುವುದಿಲ್ಲ. ಕಿಟಕಿ ತೆರೆದಿಟ್ಟು ಧೂಪ ಹಾಕಿ, ಮುಗಿದ ಮೇಲೆ ಕೆಂಡವನ್ನು ಮಲಗುವ ಕೋಣೆಯಲ್ಲಿ ಬಿಡಬೇಡಿ.

ಮಿಕ್ಕ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ಒಂದೊಂದಾಗಿ ನೀರಿನ ಬಕೆಟ್ಟಿಗೆ ಬಿಡಿ, ಪೂರ್ತಿ ಮುಳುಗಬೇಕು. ಆವಿ ಮುಖಕ್ಕೆ ಬರುತ್ತೆ, ದೂರ ನಿಲ್ಲಿ. ಬಕೆಟ್ಟು ಕಬ್ಬಿಣದ್ದಿರಲಿ. ಬೂದಿಯನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ ಮಾರನೆಯ ದಿನದವರೆಗೆ ಇಟ್ಟು ಆಮೇಲೆ ಎಸೆಯಿರಿ. ಮೇಲೆ ತಣ್ಣಗೆ ಕಂಡರೂ ಒಳಗೆ ಕಿಡಿ ಉಳಿದಿರುತ್ತೆ, ಪ್ಲಾಸ್ಟಿಕ್ ಕಸದ ಚೀಲಕ್ಕೆ ಹಾಕಿದರೆ ಕಟ್ಟಡಕ್ಕೇ ಬೆಂಕಿ ಬಿದ್ದೀತು. ಕುಂಡದ ಗಿಡಕ್ಕೆ ಒಂದು ಚಮಚ ಬೂದಿ ಹಾಕಬಹುದು, ಜಾಸ್ತಿ ಬೇಡ, ಮಣ್ಣು ಕ್ಷಾರವಾಗುತ್ತೆ. ಗುಂಡು ಬಿಲ್ಲೆಯ ಬೂದಿಯನ್ನು ಗಿಡಕ್ಕೆ ಹಾಕಬೇಡಿ.